ಬರಫ್ ನೋಡದ ಮಿಸ್ತ್ರಿ

ಕಾಶ್ಮೀರದ ಬಗ್ಗೆ ಬರೀಬೇಕು ಅಂತಲೇ ಕೂತಿದ್ದೆ. ಕಣ್ಮುಂದೆ ಬರೋದು ಮಾತ್ರ ಪುಣೆಯ ನಿಗಡಿ ಟ್ರಾನ್ಸ್‌ಪೋರ್ಟ್ ನಗರಿಯ ಆ ಗ್ಯಾರೇಜು.

ಜನವರಿ ಮೊದಲ ವಾರ. ಕಾಕಾನ ಹತ್ತು ಗಾಲಿ ಲಾರಿ ಚಾಕಣದಿಂದ ಮಷಿನ್ ಸಾಮಾನು ಹೇರಿಕೊಂಡು ಶ್ರೀನಗರಕ್ಕೆ ಹೊರಡುವುದಿತ್ತು. ನಾನು ರಜೆ ಹಾಕಿ ಕ್ಲೀನರ್ ಸೀಟು ಹಿಡಿದಿದ್ದೆ. ಮಿಸ್ತ್ರಿ ಇಂಡಿ ಕಡೆಯವರು, ಮೂವತ್ತು ವರ್ಷದಿಂದ ಇಲ್ಲೇ ಇದ್ದಾರೆ. ನಾಸಿಕ ದಾಟಿದವರಲ್ಲ.

"ಬರಫ್ ನೋಡೀರೇನ್ರಿ?" ಅಂದೆ.

"ಫ್ರಿಜ್ಜಿನಾಗ ನೋಡೀನಿ. ಆದ್ರ ತಮ್ಮಾ, ಬರಫಿನ ಹೊಡತ ತಿಂದು ಬಂದ ಗಾಡಿ ಭಾಳ ನೋಡೀನಿ."

ಗೋಡೆಯ ಮೊಳೆಗೆ ತೂಗುಹಾಕಿದ್ದ ವಾಟರ್ ಪಂಪ್ ಇಳಿಸಿ ನನ್ನ ಕೈಗಿಟ್ಟರು. ಬೀಡು ಕಬ್ಬಿಣ ಮೇಲಿಂದ ಕೆಳಗೆ ಸೀಳಿತ್ತು, ಸೀಳಿನಲ್ಲಿ ಉಗುರು ಹೋಗುವಷ್ಟು. ಯಾರೋ ರೇಡಿಯೇಟರಿಗೆ ಬರೀ ನಳದ ನೀರು ಹಾಕಿಕೊಂಡು ಹೋಗಿದ್ದರಂತೆ. ನೀರು ಹೆಪ್ಪುಗಟ್ಟಿದರೆ ನೂರಕ್ಕೆ ಒಂಬತ್ತು ಪಾಲು ಉಬ್ಬುತ್ತದೆ, ಜಾಗ ಸಿಗದಿದ್ದರೆ ಕಬ್ಬಿಣವನ್ನೇ ಒಡೆಯುತ್ತದೆ. ಕಾಕಾನ ಗಾಡಿಯಲ್ಲೂ ನಳದ ನೀರೇ! ಪುಣೆಯಲ್ಲಿ ಯಾರು ಕೇಳುತ್ತಾರೆ? ಎಲ್ಲ ಬಸಿದು, ಅರ್ಧ ಕೂಲಂಟ್ (ನೀರು ಹೆಪ್ಪುಗಟ್ಟದಂತೆ ತಡೆಯುವ ದ್ರವ) ಅರ್ಧ ಬಟ್ಟಿ ಇಳಿಸಿದ ನೀರು ತುಂಬಿಸಿದರು. ಆ ಹದಕ್ಕೆ ಮೈನಸ್ 35ರವರೆಗೂ ಭಯವಿಲ್ಲ.

ಎರಡೂ ಬ್ಯಾಟರಿಗೆ ಲೋಡ್ ಹಾಕಿ ನೋಡಿ, ಒಂದನ್ನು ಬದಿಗೆ ಎಸೆದರು. ಸೊನ್ನೆ ಡಿಗ್ರಿಯಲ್ಲಿ ಬ್ಯಾಟರಿಯ ತ್ರಾಣ ಮೂರನೇ ಒಂದು ಪಾಲು ಹೋಗುತ್ತದೆ, ಎಂಜಿನ್ ಆಯಿಲ್ ಗಟ್ಟಿಯಾಗಿ ಎಳೆಯುವ ಭಾರವೂ ಹೆಚ್ಚು. ಕಾಕಾ ಬಿಳಿ ಎಲ್‌ಇಡಿ ಪಟ್ಟಿ ತಂದಿದ್ದ. ಮಿಸ್ತ್ರಿ ಅದನ್ನು ಮುಟ್ಟಲೂ ಇಲ್ಲ. ಬಂಪರಿನ ಕೆಳಗೆ ಎರಡು ಹಳದಿ ದೀಪ ಕೂರಿಸಿದರು. "ಮಂಜಿನಾಗ ಮ್ಯಾಲಿನ ಬೆಳಕು ನಿನ್ನ ಕಣ್ಣಿಗೇ ತಿರುಗಿ ಬರ್ತದ."

ಆಮೇಲೆ ನಡೆದದ್ದು ಸರ್ಕಸ್ಸು. ಯಾವನೋ ಡ್ರೈವರ್ ಬಿಟ್ಟುಹೋಗಿದ್ದ, ಹಿಮದಲ್ಲಿ ಜಾರದಂತೆ ಗಾಲಿಗೆ ಸುತ್ತುವ ಚೈನು ಹೊರಗೆ ಬಂತು. ಮಧ್ಯಾಹ್ನದ ಬಿಸಿಲಲ್ಲಿ, ಒಣ ನೆಲದ ಮೇಲೆ, ಹಿಂದಿನ ಗಾಲಿಗೆ ಕಾಕಾನ ಕೈಯಿಂದಲೇ ಮೂರು ಸಲ ಕಟ್ಟಿಸಿ ಬಿಚ್ಚಿಸಿದರು. ಚಹಾದ ಗಾಡಿಯ ಸುತ್ತ ನಿಂತವರೆಲ್ಲ ನಕ್ಕರು. "ನಗಲಿ. ಅಲ್ಲಿ ಬೆರಳು ಮಾತು ಕೇಳೂದಿಲ್ಲ."

ಹೊರಡುವಾಗ ಎರಡೇ ಮಾತು: ರಾತ್ರಿ ಬ್ರೇಕಿಗೆ ಗಾಳಿ ಕೊಡುವ ಏರ್ ಟ್ಯಾಂಕಿನಲ್ಲಿ ಕೂಡಿದ ನೀರು ಬಿಡು, ಇಲ್ಲದಿದ್ದರೆ ಪೈಪಿನಲ್ಲಿ ಹೆಪ್ಪುಗಟ್ಟುತ್ತದೆ. ಗಾಲಿ ಒದ್ದೆಯಿದ್ದಾಗ ಹ್ಯಾಂಡ್ ಬ್ರೇಕ್ ಎಳೀಬೇಡ, ಸಪಾಟು ಜಾಗ ನೋಡಿ ಗೇರಿಗೆ ಹಾಕಿ ಗಾಲಿಗೆ ಕಟ್ಟಿಗೆ ಕೊಡು. ಟೂಲ್ ಬಾಕ್ಸಿಗೆ ತಮ್ಮ ಸುತ್ತಿಗೆಯನ್ನೂ ಹಾಕಿದರು. "ಇದು ತಿರುಗಿ ಬರಬೇಕು."

ಜಮ್ಮುವಿನವರೆಗಿನ ದಿನಗಳಲ್ಲಿ ಹೇಳುವಂಥದ್ದಿಲ್ಲ. ಜೈಪುರ ದಾಟಿದ ಮೇಲೆ ಮಂಜು ಸಿಕ್ಕಿತು, ಹಳದಿ ದೀಪದ ಬೆಲೆ ತಿಳಿಯಿತು. ದಾಬಾಗಳ ಬೆಣ್ಣೆ ಮುಳುಗಿಸಿದ ಪರಾಠಾವನ್ನು ಜನ ಹೊಗಳುತ್ತಾರೆ. ನನಗೆ ಎರಡನೇ ದಿನಕ್ಕೇ ಜೋಳದ ರೊಟ್ಟಿ ನೆನಪಾಯಿತು.

ಬನಿಹಾಲ್‌ನಿಂದ ಸುಮಾರು 8.5 ಕಿಲೋಮೀಟರಿನ ಸುರಂಗ ದಾಟಿದರೆ ಕಾಜಿಗುಂಡ್. ಡಿಸೆಂಬರ್ 21ರಿಂದ ನಲವತ್ತು ದಿನದ ಕಡುಚಳಿಗೆ ಅಲ್ಲಿಯವರು ಚಿಲ್ಲೈ ಕಲಾನ್ ಅನ್ನುತ್ತಾರೆ, ನಾವು ಅದರ ಹೊಟ್ಟೆಯೊಳಗೇ ಇಳಿದಿದ್ದೆವು. ಕರಗಿದ ಹಿಮದ ರಾಡಿಯಲ್ಲಿ ಬಂದು ರಾತ್ರಿ ನಿಲ್ಲಿಸಿದೆವು. ಕಾಕಾ ಏರ್ ಟ್ಯಾಂಕು ಬಸಿದ. ಬಸಿದು ಮೇಲೆ ಬಂದವನು, ಮೂವತ್ತು ವರ್ಷದ ರೂಢಿ ನೋಡಿ, ಹ್ಯಾಂಡ್ ಬ್ರೇಕ್ ಎಳೆದೇ ಮಲಗಿದ.

ಬೆಳಿಗ್ಗೆ ಎಂಜಿನ್ ಒಂದೇ ಏಟಿಗೆ ಎದ್ದಿತು. ಲಾರಿ ಮಾತ್ರ ಅಲುಗಲಿಲ್ಲ. ಕಾಕಾ ಜೋರು ಮಾಡಿದ, ಕ್ಲಚ್ ಸುಟ್ಟ ವಾಸನೆ ಬಂತು. ಪಕ್ಕದಲ್ಲಿ ಒಬ್ಬ ಚಳಿಗೆ ಗಟ್ಟಿಯಾದ ಡೀಸೆಲ್ ಕರಗಿಸಲು ಟ್ಯಾಂಕಿನ ಕೆಳಗೆ ಬೆಂಕಿ ಹಾಕಿಕೊಂಡು ಕೂತಿದ್ದ, ನಾವು ಅದನ್ನು ನೋಡಿ ದೂರ ಸರಿಯಬೇಕೆಂದರೂ ಸರಿಯುವ ಹಾಗಿಲ್ಲ. ದಯವಿಟ್ಟು ಯಾರೂ ಆ ಕೆಲಸ ಮಾಡಬೇಡಿ. ಕೊನೆಗೆ ಒಬ್ಬ ಸರ್ದಾರ್ಜಿ ಬಂದು ಗಾಲಿ ಬಗ್ಗಿ ನೋಡಿ ನಕ್ಕ: ಒದ್ದೆಯಾದ ಬ್ರೇಕ್ ಲೈನರು ಗಾಲಿಯ ಡ್ರಮ್ಮಿಗೆ ಹೆಪ್ಪುಗಟ್ಟಿ ಅಂಟಿತ್ತು. ಚಕ್ರದ ಅಡಿ ತೂರಿಕೊಂಡು ಒಂದೊಂದೇ ಡ್ರಮ್ಮನ್ನು ಸುತ್ತಲೂ ಬಡಿದು ಬಿಡಿಸುವುದರೊಳಗೆ ಎರಡೂವರೆ ತಾಸು ಹೋಯಿತು, ನನ್ನ ಕೈಬೆರಳು ಸಂಜೆಯವರೆಗೂ ನೆಟ್ಟಗಾಗಲಿಲ್ಲ.

ಶ್ರೀನಗರದಲ್ಲಿ ಸಾಮಾನು ಇಳಿಸಿದೆವು, ಬಂದೆವು.

ನಿಗಡಿಯಲ್ಲಿ ಮಿಸ್ತ್ರಿ ಏನೂ ಕೇಳದೆ ಲಾರಿಯ ಅಡಿ ಜಾರಿದರು. ಕಾಕಾ ನನಗೆ ಕಣ್ಣಲ್ಲೇ ಸುಮ್ಮನಿರು ಅಂದ. ಒಳಗಿಂದ ಡ್ರಮ್ ಉಜ್ಜಿದ ಸದ್ದು.

"ಎಷ್ಟು ತಾಸು ನಿಂತ್ರಿ?"

ಕಾಕಾ ಉತ್ತರ ಕೊಡಲಿಲ್ಲ.

"ಹೋಗ್ಲಿ. ನನ್ನ ಸುತ್ತಿಗಿ?"

ಆಗಲೇ ನೆನಪಾದದ್ದು. ಅದು ಕಾಜಿಗುಂಡ್‌ನ ಹಿಮದಲ್ಲೇ ಉಳಿದಿತ್ತು.