ಎರವಲು ತಂದ ರ‍್ಯಾಮ್

ಜನವರಿಯ ಒಂದು ಶನಿವಾರ. ಕಾಫಿ ಕೊಯ್ಲು ಜೋರಾಗಿದ್ದ ಸಮಯ. ಆಲ್ದೂರು ಕಡೆಯ ಹಿರಿಯ ಬೆಳೆಗಾರರೊಬ್ಬರು ಬಟವಾಡೆ ಪಟ್ಟಿ ತೆಗೆದುಕೊಂಡು ಹೋಗಲು ನಮ್ಮ ಮನೆಗೆ ಬಂದಿದ್ದರು. ಲ್ಯಾಪ್‌ಟಾಪ್ ಆನ್ ಮಾಡಿ, ಅವರಿಗೆ ಕಾಫಿ ಕೊಟ್ಟೆ. ಅವರು ಕುಡಿದು ಲೋಟ ಕೆಳಗಿಟ್ಟರೂ ಪರದೆ ಮೇಲೆ ಚುಕ್ಕಿಗಳು ಸುತ್ತುತ್ತಲೇ ಇದ್ದವು. “ಆಗ್ಲಿಲ್ವೇನಮ್ಮ? ಬಸ್ಸು ಹೋಗುತ್ತೆ” ಅಂದರು. “ಎರಡೇ ನಿಮಿಷ ಗೌಡ್ರೇ” ಅಂದೆ. ಬಸ್ಸು ಹೋಯಿತು. ಅಲ್ಲಿ ತೋಟದಲ್ಲಿ ವಾರವಿಡೀ ಹಣ್ಣು ಕೊಯ್ದವರು ಕೂಲಿಗೆ ಕಾಯುತ್ತಿದ್ದರು. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ನಾನು ಚಿಕ್ಕಮಗಳೂರಿನ ವಿಜಯಪುರದಲ್ಲಿ ಮನೆಯಿಂದಲೇ ಅಂಗಡಿಗಳ, ತೋಟಗಳ ಲೆಕ್ಕ ಬರೆಯುತ್ತೇನೆ. ಲ್ಯಾಪ್‌ಟಾಪ್ 2018ರದ್ದು. 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಮೊದಲ ವರ್ಷದ ದುಡಿಮೆಯಲ್ಲಿ ಕೊಂಡದ್ದು, ಬಿಡಲು ಮನಸ್ಸಿಲ್ಲ. ಸೋಮವಾರ ಎಂ.ಜಿ. ರಸ್ತೆಗೆ ಹೋಗಿ ಒಂದು ಅಂಗಡಿಯಲ್ಲಿ ಕೇಳಿದೆ. ಹುಡುಗ ಲ್ಯಾಪ್‌ಟಾಪ್ ಆನ್ ಮಾಡಿಯೂ ನೋಡಲಿಲ್ಲ. “8 ಜಿಬಿ ರ‍್ಯಾಮ್ ಹಾಕ್ಸಿ ಮೇಡಂ, ಸರಿ ಹೋಗುತ್ತೆ” ಅಂದ. ಬೆಲೆ ಕೇಳಿ ಸುಮ್ಮನಾದೆ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿರುವುದರಿಂದ 2025ರ ಕೊನೆಯಿಂದ ರ‍್ಯಾಮ್ ಎಲ್ಲ ಕಡೆ ತುಟ್ಟಿ. ಅಷ್ಟು ದುಡ್ಡು ಸುರಿಯುವ ಮೊದಲು ಕಾಯಿಲೆ ಏನು ಅಂತ ಗೊತ್ತಾಗಬೇಕು, ಅಲ್ವಾ?

ಎರಡು ದಿನ ನೋಟ್‌ಬುಕ್ ಹಿಡಿದು ಕೂತೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ, ಮೆಮೊರಿ, ಡಿಸ್ಕ್ ಎಷ್ಟು ಬಳಕೆಯಾಗುತ್ತಿವೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಬೆಳಿಗ್ಗೆ 7.10ಕ್ಕೆ ಆನ್ ಮಾಡಿದರೆ ಕೆಲಸಕ್ಕೆ ಸಿಕ್ಕಿದ್ದು 7.17ಕ್ಕೆ. ಆಗ ಮೆಮೊರಿ ಶೇ. 58, ಡಿಸ್ಕ್ ಶೇ. 100. ಮಧ್ಯಾಹ್ನ ಟ್ಯಾಲಿ, ಎಕ್ಸೆಲ್, ಬ್ರೌಸರಿನಲ್ಲಿ ಹನ್ನೆರಡು ಟ್ಯಾಬ್ ತೆರೆದಿದ್ದಾಗ ಮೆಮೊರಿ 93, ಡಿಸ್ಕ್ ಮತ್ತೆ 100.

ಈ ಎರಡು ನೂರೂ ಒಂದೇ ಅಲ್ಲ. ಅದು ತಿಳಿದದ್ದು ಭಾವನ ತೋಟದ ಕಣ ನೆನಪಾದಾಗ. ಕಣದಲ್ಲಿ ಹರಡಿದ ಕಾಫಿಯನ್ನು ಮಾತ್ರ ಕೈಯಾಡಿಸಲು ಆಗುವುದು. ರ‍್ಯಾಮ್ ಅಂದರೆ ಕಣ, ಡಿಸ್ಕ್ ಅಂದರೆ ಗೋದಾಮು. ಕಣ ಚಿಕ್ಕದಾದರೆ ಹರಡಿದ್ದನ್ನೇ ಗುಡ್ಡೆ ಮಾಡಿ, ಮೂಟೆ ಕಟ್ಟಿ, ಗೋದಾಮಿಗೆ ಹೊತ್ತು, ಅಲ್ಲಿಂದ ಇನ್ನೊಂದು ಮೂಟೆ ತಂದು ಹರಡಬೇಕು. ಇಡೀ ದಿನ ಹೊರುವುದೇ ಕೆಲಸ. ನನ್ನ ಮಧ್ಯಾಹ್ನದ ಕಥೆ ಅದು. ಮೆಮೊರಿ ತುಂಬಿದಾಗ ವಿಂಡೋಸ್ ಸ್ವಲ್ಪ ಭಾಗವನ್ನು ಡಿಸ್ಕಿಗೆ ಬರೆದು, ಬೇಕಾದಾಗ ವಾಪಸ್ ಓದುತ್ತದೆ. ಇದಕ್ಕೆ ರ‍್ಯಾಮ್ ಮದ್ದು.

ಬೆಳಗಿನದು ಬೇರೆ. ಕಣ ಅರ್ಧದಷ್ಟು ಖಾಲಿ ಇದೆ, ಗೋದಾಮಿನಿಂದ ಮೂಟೆ ಬರುವುದೇ ತಡ. ನನ್ನ ಹಾರ್ಡ್ ಡಿಸ್ಕ್ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ. ಜಾಸ್ತಿ ಅನ್ನಿಸಬಹುದು. ಆದರೆ ವಿಂಡೋಸ್ ಏಳುವಾಗ ಚದುರಿಬಿದ್ದ ಸಾವಿರಾರು ಸಣ್ಣ ಫೈಲುಗಳನ್ನು ಓದಬೇಕು. ಒಂದೊಂದಕ್ಕೂ ಡಿಸ್ಕಿನ ಓದುವ ಮುಳ್ಳು ಜಾಗ ಹುಡುಕಿಕೊಂಡು ಹೋಗಬೇಕು. ಪ್ರತಿ ಸಲ ಸೆಕೆಂಡಿನ ನೂರನೇ ಒಂದು ಭಾಗದಷ್ಟು ಹೊತ್ತು. ಹಾರ್ಡ್ ಡಿಸ್ಕಿನ ಬದಲು ಹಾಕುವ, ಚಿಪ್‌ಗಳಿಂದಾದ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಹಾಗಾಗಿ ಆ ಕಾಯುವಿಕೆಯೂ ಇಲ್ಲ.

ಇಷ್ಟು ಯೋಚಿಸಿದರೂ ಧೈರ್ಯ ಬರಲಿಲ್ಲ. ಬಸವನಹಳ್ಳಿಯ ಗೆಳತಿಯ ಹಳೆಯ ಲ್ಯಾಪ್‌ಟಾಪ್ ಬೋರ್ಡ್ ಸುಟ್ಟು ಮೂಲೆ ಸೇರಿತ್ತು. ಅದರಲ್ಲಿ 4 ಜಿಬಿಯ ಡಿಡಿಆರ್4 ರ‍್ಯಾಮ್ ಇತ್ತು, ನನ್ನದೂ ಡಿಡಿಆರ್4. (ಡಿಡಿಆರ್ ಮುಂದಿನ ಅಂಕಿ ರ‍್ಯಾಮಿನ ತಲೆಮಾರು.) ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಎರಡು ಸ್ಲಾಟ್‌ಗಳಲ್ಲಿ ಒಂದೇ ಬಳಕೆಯಲ್ಲಿದೆ ಅಂತ ತೋರಿಸುತ್ತಿತ್ತು. (ತೆಳ್ಳನೆಯ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಮೊದಲು ಅದನ್ನು ನೋಡಿಕೊಳ್ಳಿ.)

ಊಟದ ಟೇಬಲ್ ಮೇಲೆ ಹಳೆ ಸೀರೆ ಹಾಸಿ, ಚಾರ್ಜರ್ ಕಿತ್ತು, ಲ್ಯಾಪ್‌ಟಾಪ್ ಮಗುಚಿದೆ. ಬಿಚ್ಚಿದ ಸ್ಕ್ರೂಗಳನ್ನು ಸಾಸಿವೆ ಡಬ್ಬಿಯ ಮುಚ್ಚಳದಲ್ಲಿ ಇಟ್ಟೆ. ಒಳಗೆ ಬ್ಯಾಟರಿಯ ತಂತಿ ತೆಗೆದೆ. ಸ್ಟೀಲ್ ಬೀರುವನ್ನು ಒಮ್ಮೆ ಮುಟ್ಟಿ ಬಂದೆ, ಮೈಯಲ್ಲಿ ವಿದ್ಯುತ್ ಉಳಿದಿದ್ದರೆ ಚಿಪ್ಪಿಗೆ ತಾಗಬಾರದು ಅಂತ. ರ‍್ಯಾಮಿನ ಅಂಚಿನಲ್ಲಿ ಒಂದು ಕಚ್ಚು ಇರುತ್ತದೆ. ಸ್ಲಾಟಿನ ಉಬ್ಬಿಗೆ ಅದು ಹೊಂದಬೇಕು. ಡಿಡಿಆರ್3ರ ಕಚ್ಚು ಬೇರೆ ಜಾಗದಲ್ಲಿರುವುದರಿಂದ ಅದು ಇಲ್ಲಿ ಕೂರುವುದೇ ಇಲ್ಲ. ಓರೆಯಾಗಿ ಒಳಗೆ ತಳ್ಳಿ ಮೆಲ್ಲಗೆ ಕೆಳಗೆ ಒತ್ತಿದೆ. ಎರಡೂ ಬದಿಯ ಕ್ಲಿಪ್ ಟಕ್ ಅಂತ ಹಿಡಿದುಕೊಂಡವು. ಆ ಸದ್ದಿಗೆ ಎಷ್ಟು ಖುಷಿಯಾಯಿತು!

ಮಧ್ಯಾಹ್ನದ ಕೆಲಸ ಹಗುರಾಯಿತು. ಅದೇ ಹನ್ನೆರಡು ಟ್ಯಾಬ್, ಅದೇ ಟ್ಯಾಲಿ, ಮೆಮೊರಿ ಶೇ. 64. ಒಂದರಿಂದ ಇನ್ನೊಂದಕ್ಕೆ ಹೋದರೆ ತಡೆಯಿಲ್ಲ. ಬೆಳಿಗ್ಗೆ ಆನ್ ಆಗಲು ಮಾತ್ರ ಮತ್ತೆ ಏಳು ನಿಮಿಷ. ಅಂಗಡಿಯ ಮಾತು ಕೇಳಿ ದುಡ್ಡು ಕೊಟ್ಟಿದ್ದರೂ ಗೌಡರ ಬಸ್ಸು ತಪ್ಪುತ್ತಲೇ ಇತ್ತು.

ಹಾಗಾಗಿ ದುಡ್ಡು ಹಾಕಿದ್ದು 480 ಜಿಬಿಯ ಎಸ್‌ಎಸ್‌ಡಿಗೆ. ಇನ್ನೂ ಒಂದು ಲೆಕ್ಕ ಇತ್ತು. ನನ್ನದು ಏಳನೇ ತಲೆಮಾರಿನ ಐ3 ಪ್ರೊಸೆಸರ್, ವಿಂಡೋಸ್ 11 ಒಪ್ಪುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ಇಲ್ಲ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಒಂದಲ್ಲ ಒಂದು ದಿನ ಹೊಸದು ಕೊಳ್ಳಲೇಬೇಕು. ಈ ರ‍್ಯಾಮ್ ಡಿಡಿಆರ್5 ಲ್ಯಾಪ್‌ಟಾಪಿಗೆ ಬರುವುದಿಲ್ಲ. ಎಸ್‌ಎಸ್‌ಡಿಯನ್ನಾದರೆ ಒಂದು ಕೇಸಿಗೆ ಹಾಕಿ ಯುಎಸ್‌ಬಿಯಲ್ಲಿ ಬಳಸಬಹುದು.

ಎಲ್ಲರ ಲೆಕ್ಕವನ್ನೂ ಮೊದಲು ಪೆನ್‌ಡ್ರೈವಿಗೆ ಇಳಿಸಿಕೊಂಡು ಎಸ್‌ಎಸ್‌ಡಿ ಹಾಕಿದೆ. ಈಗ ಅರ್ಧ ನಿಮಿಷಕ್ಕೆ ಏಳುತ್ತದೆ. ಮುಂದಿನ ಶನಿವಾರ ಪಟ್ಟಿ ಪ್ರಿಂಟ್ ಆಗುವ ಹೊತ್ತಿಗೆ ಗೌಡರ ಕಾಫಿ ಇನ್ನೂ ಒಲೆ ಮೇಲಿತ್ತು.

ರ‍್ಯಾಮ್ ವಾಪಸ್ ಕೊಡಲು ಹೋದರೆ ಗೆಳತಿ ತೆಗೆದುಕೊಳ್ಳಲಿಲ್ಲ. “ನನ್ ಹತ್ರ ಸುಮ್ನೆ ಬಿದ್ದಿರುತ್ತೆ ಕಣೇ, ನೀನೇ ಇಟ್ಕೋ” ಅಂದಳು. ಭಾವನ ತೋಟದ ಕಾಫಿಪುಡಿ ಅರ್ಧ ಕೆಜಿ ಕೊಟ್ಟು ಬಂದೆ.