ಮಧ್ಯಾಹ್ನದ ಗುಡುಗಿಗೆ ಮುಂಚೆ ತಡಿಯಂಡಮೋಳ್

ಏಪ್ರಿಲ್ ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಮೆಸೇಜು. "ಈ ವಾರ ತಡಿಯಂಡಮೋಳ್ ಹತ್ತಬಹುದಾ? ಮಳೆ ಇದೆಯಾ?" ನಮ್ಮ ಮನೆ ಕೊಡಗಿನ ಕಕ್ಕಬ್ಬೆ ಹತ್ತಿರ, ಆ ಬೆಟ್ಟದ ಬುಡದಲ್ಲಿ. ಹಾಗಾಗಿ ಮೋಡದ ಲೆಕ್ಕವೆಲ್ಲ ನನಗೆ ಗೊತ್ತು ಅಂತ ಮೈಸೂರಿನ ನೆಂಟರ ನಂಬಿಕೆ.

ಆದರೆ ಆರು ಎಕರೆ ರೊಬಸ್ಟಾ ಕಾಫಿ ಇಟ್ಟುಕೊಂಡವಳ ಬಾಯಲ್ಲಿ ಏಪ್ರಿಲ್‌ನಲ್ಲಿ "ಮಳೆ ಬರಲ್ಲ, ಬನ್ನಿ" ಅನ್ನುವ ಮಾತು ಹೇಗೆ ಬರಬೇಕು? ಮಾರ್ಚ್‌ನಲ್ಲಿ ಒಂದು ಇಂಚು ಹೂಮಳೆ ಬಿದ್ದರೆ ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಹೂವಾಗಿ ಬೆಳ್ಳಗೆ. ಆಮೇಲೆ ಕಾಯಿ ಕಚ್ಚಲು ಇನ್ನೊಂದು ಮಳೆ ಬೇಕು. ಅದು ಬರುವವರೆಗೆ ನಾವು ಪಾಡಿ ಇಗ್ಗುತ್ತಪ್ಪನಿಗೆ ದಿನಾ ಕೈಮುಗಿಯುತ್ತಿರುತ್ತೇವೆ. ಮಳೆ ಬೆಳೆಯ ದೇವರು ಅವನು. ಅವನ ಬೆಟ್ಟದ ಬುಡದಲ್ಲಿ ನಿಂತು ಚಾರಣದವರು ಬಿಸಿಲು ಬೇಡಿದರೆ ಪಾಪ ಅವನಾದರೂ ಏನು ಮಾಡಬೇಕು!

ಈ ತಿಂಗಳುಗಳಲ್ಲಿ ನಮ್ಮಲ್ಲಿ ಮಳೆ ಇಡೀ ದಿನ ಹೊಯ್ಯುವುದು ಕಡಿಮೆ. ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿರುತ್ತದೆ. ಬಿಸಿಲಿಗೆ ಇಳಿಜಾರು ಕಾಯುತ್ತದೆ, ಬಿಸಿಗಾಳಿ ಮೇಲೇಳುತ್ತದೆ, ಕೇರಳದ ಕಡೆಯಿಂದ ಸಮುದ್ರದ ತೇವ ಅದಕ್ಕೆ ಸೇರಿಕೊಳ್ಳುತ್ತದೆ. ಹನ್ನೊಂದಕ್ಕೆ ಹತ್ತಿಯಂಥ ಮೋಡ. ಒಂದಕ್ಕೆ ಅದೇ ಮೋಡ ಹೂಕೋಸಿನ ಹಾಗೆ ಉಬ್ಬಿ ಬುಡ ಕಪ್ಪಾಗಿರುತ್ತದೆ. ಎರಡು, ಮೂರು ಗಂಟೆಗೆ ಗುಡುಗು. ದಿನಾ ಹೀಗೇ ಅಂತಲ್ಲ, ಆದರೆ ಬಂದಾಗ ಸಾಮಾನ್ಯವಾಗಿ ಹೀಗೇ ಬರುತ್ತದೆ. ಫೋನಿನಲ್ಲಿ ಮಡಿಕೇರಿಯ ಹವಾಮಾನ ನೋಡಿಕೊಂಡು ಹೊರಡುವವರಿಗೆ ನಾನು ಹೇಳುವುದು ಇಷ್ಟೇ: ಬೆಳಿಗ್ಗೆ ಬೇಗ ಹತ್ತಿ, ಪಡುವಣ ದಿಕ್ಕು ನೋಡುತ್ತಿರಿ.

ಇದನ್ನು ನಾನೇ ಮುರಿದದ್ದು ಹೋದ ವರ್ಷ, ಅಶ್ವಿನಿ ಮಳೆಯ ದಿನಗಳಲ್ಲಿ. ಅಣ್ಣನ ಮಗ ಬಂದಿದ್ದ. ಅಕ್ಕಿರೊಟ್ಟಿ, ಚಟ್ನಿ, ಎರಡು ಸಲ ಕಾಫಿ, ಅಂತೂ ನಾಲ್ಕುನಾಡು ಅರಮನೆ ದಾಟಿದಾಗಲೇ ಒಂಬತ್ತು. ಹೊರಡುವಾಗ ತೋಟದ ಹಿರಿಯಾಳು ಅಂಗಳದಲ್ಲಿ ನಿಂತು, "ಅಕ್ಕ, ಇರುವೆ ಮೊಟ್ಟೆ ಹೊತ್ತುಕೊಂಡು ಹೋಗ್ತಾ ಇದೆ" ಅಂದಿದ್ದರು. ಕೇಳಿಸಿಕೊಂಡೆ, ಸುಮ್ನೆ ತಲೆಯಾಡಿಸಿದೆ.

ಶೋಲಾ, ಅಂದರೆ ಬೆಟ್ಟದ ಮಡಿಲಿನ ದಟ್ಟ ಕಾಡು, ದಾಟಿ ಕೊನೆಯ ಹುಲ್ಲಿನ ಏರಿಗೆ ಬಂದಾಗ ಹನ್ನೆರಡೂವರೆ. 1748 ಮೀಟರ್ ಬೆಟ್ಟ, ಕೊಡಗಿನಲ್ಲಿ ಎಲ್ಲಕ್ಕಿಂತ ಎತ್ತರದ್ದು ಇದೇ. ಆ ಏರಿನಲ್ಲಿ ಮರವೇ ಇಲ್ಲ. ಒಣಹುಲ್ಲು ಬೂಟಿನಡಿ ಎಣ್ಣೆ ಸವರಿದಂತೆ ಜಾರುತ್ತದೆ. ಅಲ್ಲಿ ನಿಂತವರೇ ಸುತ್ತಮುತ್ತಲಲ್ಲಿ ಎಲ್ಲಕ್ಕಿಂತ ಎತ್ತರ, ಮಿಂಚಿಗೂ ಅದೇ ಬೇಕು. ತುದಿ ಕೈಗೆಟುಕುವಷ್ಟು ಹತ್ತಿರ ಇತ್ತು, ಕಾಲು ಗಂಟೆಯ ದಾರಿ. ಅಷ್ಟರಲ್ಲಿ ಗಾಳಿ ತಿರುಗಿತು. ಅಲ್ಲಿಯವರೆಗೆ ಬೆವರಿಗೆ ಅಂಟಿದ್ದ ಅಂಗಿ ಒಂದೇ ಸಲಕ್ಕೆ ತಣ್ಣಗಾಯಿತು. ಹುಲ್ಲೆಲ್ಲ ಒಂದೇ ಕಡೆ ಮಲಗಿತು. ಕೇರಳದ ಕಡೆ ಮಿಂಚಿತು. ಮನಸ್ಸಿನಲ್ಲೇ ಎಣಿಸಿದೆ, ಹನ್ನೆರಡು ಸೆಕೆಂಡಿಗೆ ಸದ್ದು ಬಂತು. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡು, ಅಂದರೆ ನಾಲ್ಕು ಕಿಲೋಮೀಟರ್.

"ಅತ್ತೆ, ಇನ್ನು ಇಷ್ಟೇ ಇಷ್ಟು!"

"ಇಳಿ."

ಮುಖ ಊದಿಸಿಕೊಂಡೇ ಇಳಿದ. ಶೋಲಾ ಒಳಗೆ ಹೊಕ್ಕು, ದೊಡ್ಡ ಮರ ಬಿಟ್ಟು ಗಿಡ್ಡ ಮರಗಳ ನಡುವೆ ದೂರ ದೂರ ಕುಕ್ಕರಗಾಲಲ್ಲಿ ಕೂತೆವು. ಕಾಡಿನಲ್ಲೂ ಪೂರ್ತಿ ಧೈರ್ಯ ಇರಲ್ಲ, ಬಯಲಿಗಿಂತ ವಾಸಿ ಅಷ್ಟೇ. ಐದೇ ನಿಮಿಷ. ಆಲಿಕಲ್ಲು ಶುರುವಾಯಿತು, ಮೊದಲು ಕಾಫಿ ಬೀಜದಷ್ಟು, ಆಮೇಲೆ ನೆಲ್ಲಿಕಾಯಿಯಷ್ಟು. ಒಣಎಲೆ ಮೇಲೆ ಬೀಳುವ ಸದ್ದಿಗೆ ಮಾತೇ ಕೇಳಿಸುತ್ತಿರಲಿಲ್ಲ. ಹುಡುಗ ಟೋಪಿ ತಿರುಗಿಸಿ ಹಿಡಿದು ಅದರಲ್ಲಿ ಕಲ್ಲು ತುಂಬಿಸಿಕೊಳ್ಳುತ್ತಿದ್ದ. ಕೋಪ ಅಲ್ಲಿಗೇ ಮುಗಿದಿತ್ತು.

ಬೇಸಿಗೆಯಲ್ಲಿ ಬರುವವರಿಗೆ ಇನ್ನೆರಡು ಮಾತು. ಹುಲ್ಲು ಒಣಗಿರುವ ಈ ಕಾಲದಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ದಾರಿ ಮುಚ್ಚುವುದುಂಟು, ಕೇಳಿಕೊಂಡೇ ಬನ್ನಿ. ಸುಮ್ಮನೆ ಗೇಟಿನ ಹತ್ತಿರ ಜಗಳ ಯಾಕೆ? ಬೀಡಿ-ಸಿಗರೇಟಂತೂ ಬೇಡವೇ ಬೇಡ. ದಾರಿಯ ತೊರೆ ನೂಲಿನಷ್ಟು ಹರಿಯುತ್ತಿರುತ್ತದೆ, ತಲೆಗೆ ಮೂರು ಲೀಟರ್ ನೀರು ಮನೆಯಿಂದಲೇ ತನ್ನಿ. ಹುಲ್ಲಿನಲ್ಲಿ ಉಣ್ಣೆ ಹುಳ ಇರುತ್ತದೆ, ಇಳಿದ ಮೇಲೆ ಮೊಣಕಾಲ ಹಿಂದೆ ನೋಡಿಕೊಳ್ಳಿ. ಮಳೆ ಬಿದ್ದ ಮರುದಿನವೇ ಜಿಗಣೆ ಎದ್ದಿರುತ್ತದೆ, ಅದಕ್ಕೇನು ಹೇಳುವುದು, ಅದು ಕೊಡಗು.

ಅವತ್ತು ನಾವು ನೆನೆದು ಮನೆ ಸೇರಿದಾಗ ನಾಲ್ಕೂವರೆ. ಟೋಪಿಯಲ್ಲಿ ಹಿಡಿದಿದ್ದ ಆಲಿಕಲ್ಲು ದಾರಿಯಲ್ಲೇ ಕರಗಿತ್ತು. ಬಟ್ಟೆ ಕೂಡ ಬದಲಾಯಿಸದೆ ಅಂಗಳದ ಮಳೆಮಾಪಕದ ಹತ್ತಿರ ಓಡಿದೆ. ಎಂಬತ್ತೈದು ಸೆಂಟ್, ಅಂದರೆ ಒಂದು ಇಂಚಿನ ನೂರು ಪಾಲಿನಲ್ಲಿ ಎಂಬತ್ತೈದು. ಕಾಯಿ ಕಚ್ಚುವ ಮಳೆ! ನಾನು ಕುಣಿಯುವುದೊಂದು ಬಾಕಿ. ಅಣ್ಣನ ಮಗ ಜಗಲಿಯಲ್ಲಿ ನಡುಗುತ್ತಾ ನಿಂತು ನನ್ನನ್ನೇ ನೋಡುತ್ತಿದ್ದ. "ಅತ್ತೆ, ನೀವು ಯಾರ ಪಾರ್ಟಿ?" ಅಂದ.