ಥೇಲ್ಸ್ ಪ್ರಮೇಯ ಬಾಯಿಪಾಠ ಆಗಿದೆ ಮಿಸ್

ಹತ್ತನೇ ಕ್ಲಾಸಿನ ಮಕ್ಕಳಿಗೆ ಗಣಿತ ಹೇಳಿಕೊಡುವವರಿಗೆಲ್ಲ ಥೇಲ್ಸ್ ಪ್ರಮೇಯದ ಮಹಿಮೆ ಗೊತ್ತು. ಎಸ್ಸೆಸ್ಸೆಲ್ಸಿಗೆ ಬಂದೇ ಬರುತ್ತದೆ ಅಂತ ಮಕ್ಕಳು ನಂಬಿರುವ ಪ್ರಶ್ನೆ ಅದು. ಹಳೇ ಪ್ರಶ್ನೆಪತ್ರಿಕೆಗಳನ್ನು ತಿರುವಿದರೆ ಮತ್ತೆ ಮತ್ತೆ ಸಿಗುತ್ತದೆ. ಗೈಡಿನಲ್ಲಿ ಅದರ ಪಕ್ಕ ನಕ್ಷತ್ರ ಇರುತ್ತದೆ. ಗಣಿತ ಅಂದರೆ ಹೆದರುವ ಮಕ್ಕಳೂ ಇದೊಂದನ್ನು ಮಾತ್ರ ಬಿಡದೆ ಉರು ಹೊಡೆಯುತ್ತಾರೆ.

ನಾನು ತಿಪಟೂರಿನಲ್ಲಿ ಮನೆಯಲ್ಲೇ ಸಂಜೆ ಟ್ಯೂಷನ್ ಮಾಡುತ್ತೇನೆ. ಒಂಬತ್ತು ಮತ್ತು ಹತ್ತನೇ ಕ್ಲಾಸಿನ ಮಕ್ಕಳು ಬರುತ್ತಾರೆ. ಕನ್ನಡ ಮೀಡಿಯಂನವರೂ ಇದ್ದಾರೆ, ಇಂಗ್ಲಿಷ್ ಮೀಡಿಯಂನವರೂ ಇದ್ದಾರೆ. ಈ ವಿಷಯದಲ್ಲಿ ಇಬ್ಬರಿಗೂ ಏನೂ ವ್ಯತ್ಯಾಸ ಇಲ್ಲ. ತ್ರಿಭುಜಗಳ ಪಾಠ ಶುರು ಮಾಡುವ ಮೊದಲೇ ಯಾರಾದರೊಬ್ಬರು ಕೈ ಎತ್ತುತ್ತಾರೆ. "ಥೇಲ್ಸ್ ಪ್ರಮೇಯ ಬಾಯಿಪಾಠ ಆಗಿದೆ ಮಿಸ್, ಮುಂದಿನದು ಮಾಡೋಣ."

ಮರೆತವರಿಗೆ ಒಂದು ಸಾಲಿನಲ್ಲಿ ಹೇಳುತ್ತೇನೆ. ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಗೆರೆ ಎಳೆದರೆ, ಆ ಗೆರೆ ಉಳಿದ ಎರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ಭಾಗ ಮಾಡುತ್ತದೆ. ಎ-ಬಿ-ಸಿ ತ್ರಿಭುಜ. ಎ-ಬಿ ಮೇಲೆ ಡಿ, ಎ-ಸಿ ಮೇಲೆ ಇ. ಡಿ-ಇ ಗೆರೆ ಬಿ-ಸಿಗೆ ಸಮಾಂತರ. ಇದನ್ನು ಸಾಧಿಸಲು ಬಿ-ಇ ಮತ್ತು ಸಿ-ಡಿ ಸೇರಿಸಬೇಕು, ಎರಡು ಲಂಬ ಎಳೆಯಬೇಕು, ಆಮೇಲೆ ಪುಟ್ಟ ತ್ರಿಭುಜಗಳ ವಿಸ್ತೀರ್ಣ ಹೋಲಿಸಬೇಕು. ದತ್ತ, ಸಾಧನೀಯ, ರಚನೆ, ಸಾಧನೆ ಅಂತ ನಾಲ್ಕು ತಲೆಬರಹ. ಮಕ್ಕಳು ಪ್ರತಿ ತಲೆಬರಹಕ್ಕೂ ಸ್ಕೇಲ್ ಇಟ್ಟು ಅಡಿಗೆರೆ ಹಾಕುತ್ತಾರೆ. ನೋಡಲು ಚೆಂದ.

ಈ ವರ್ಷ ಒಬ್ಬ ಹುಡುಗಿ ಇಡೀ ಸಾಧನೆಯನ್ನು ಒಂದು ಅಕ್ಷರ ತಪ್ಪದೆ ಬರೆದು ತೋರಿಸಿದಳು. ಅಕ್ಷರ ದುಂಡಗೆ, ಮುತ್ತು ಪೋಣಿಸಿದ ಹಾಗೆ. ಆದರೆ ಚಿತ್ರದಲ್ಲಿ ಇ ಬಿಂದುವಿನಿಂದ ಲಂಬವನ್ನು ಎ-ಬಿ ಮೇಲೆ ಎಳೆಯುವ ಬದಲು ಕೆಳಗೆ ಬಿ-ಸಿ ಮೇಲೆ ಇಳಿಸಿದ್ದಳು. ಪಕ್ಕದಲ್ಲಿ ಬರೆದದ್ದು ಮಾತ್ರ ಸರಿಯಾಗಿಯೇ ಇತ್ತು: ಇ-ಎನ್ ಲಂಬ ಎ-ಬಿ. ಕಣ್ಣೆದುರಿನ ಚಿತ್ರ ಒಂದು ಹೇಳುತ್ತಿದೆ, ಅವಳ ಸಾಲು ಇನ್ನೊಂದು ಹೇಳುತ್ತಿದೆ. ಅವಳಿಗೆ ಅದು ಕಾಣಲೇ ಇಲ್ಲ. "ಈ ಲಂಬ ಯಾಕೆ ಎಳೆದೆ ಪುಟ್ಟಿ?" ಅಂತ ಕೇಳಿದೆ. "ರಚನೆ ಅಂತ ಒಂದು ಭಾಗ ಇದೆಯಲ್ಲ ಮಿಸ್. ಅದು ಬರೀಲಿಲ್ಲ ಅಂದ್ರೆ ಮಾರ್ಕ್ಸ್ ಕಟ್ ಮಾಡ್ತಾರೆ."

ಅವಳು ಹೇಳಿದ್ದು ಪೂರ್ತಿ ನಿಜ. ಮಾರ್ಕ್ಸ್ ಕಟ್ ಮಾಡ್ತಾರೆ. ಆದರೆ ಅವಳ ಲೆಕ್ಕದಲ್ಲಿ ಆ ಲಂಬಕ್ಕೆ ಅದನ್ನು ಬಿಟ್ಟು ಬೇರೆ ಕೆಲಸವೇ ಇಲ್ಲ. ನನಗೆ ಸಂಕಟ ಆಗುವುದು ಇಲ್ಲೇ.

ಕೆದಕುತ್ತಾ ಹೋದರೆ ಗಂಟು ಇನ್ನೂ ಹಿಂದೆ ಇರುತ್ತದೆ. ತ್ರಿಭುಜದ ಎತ್ತರ ತ್ರಿಭುಜದ ಹೊರಗೂ ಬೀಳಬಹುದು ಅನ್ನುವುದು ಬಹಳ ಮಕ್ಕಳಿಗೆ ಗೊತ್ತಿಲ್ಲ. ಅರ್ಧ ಗುಣಿಸು ಪಾದ ಗುಣಿಸು ಎತ್ತರ ಅಂತ ಸೂತ್ರ ಥಟ್ಟನೆ ಹೇಳುತ್ತಾರೆ. ಎತ್ತರ ತೋರಿಸಿ ಅಂದರೆ ಒಳಗೇ ಹುಡುಕುತ್ತಾರೆ. ಈ ಪ್ರಮೇಯದಲ್ಲಿ ಬಿ-ಡಿ-ಇ ಅನ್ನುವ ತ್ರಿಭುಜ ಇದೆಯಲ್ಲ, ಅದರ ಎತ್ತರ ಸಾಮಾನ್ಯವಾಗಿ ಅದರ ಹೊರಗೇ ಬೀಳುತ್ತದೆ. ಅಲ್ಲಿಗೆ ದಾರಿ ಮುಚ್ಚಿತು. ಅರ್ಥ ಆಗುವುದಿಲ್ಲ, ಆದ್ದರಿಂದ ಬಾಯಿಪಾಠ.

ನಮ್ಮದು ತೆಂಗಿನ ಸೀಮೆ. ಹಾಗಾಗಿ ವಾಲಿದ ತೆಂಗಿನ ಮರದ ಮಾತು ತೆಗೆದೆ. ಮರ ಪಕ್ಕದ ತೋಟದ ಕಡೆ ವಾಲಿದೆ. ಅದರ ಎತ್ತರ ಎಷ್ಟು ಅಂತ ಅಳೆಯಬೇಕು. ಕಾಂಡದ ಉದ್ದ ಅಳೀತೀರಾ? ಇಲ್ಲ. ತುದಿಯಿಂದ ನೇರ ಕೆಳಗೆ ಹಗ್ಗ ಬಿಡಬೇಕು. ಹಗ್ಗ ಎಲ್ಲಿ ಬೀಳುತ್ತದೆ? "ಪಕ್ಕದವರ ತೋಟದಲ್ಲಿ" ಅಂತ ನಾಲ್ಕೈದು ಜನ ಒಟ್ಟಿಗೆ ಕೂಗಿದರು. ಸರಿ, ಈಗ ನೋಟ್‌ಬುಕ್ ಅಡ್ಡ ತಿರುಗಿಸಿ. ಎ-ಬಿ ಗೆರೆಯೇ ನೆಲ. ಇ ಅನ್ನುವುದು ತುದಿ. ಎ-ಡಿ-ಇ ತ್ರಿಭುಜವೂ ಇದೇ ನೆಲದ ಮೇಲೆ ನಿಂತಿದೆ, ಬಿ-ಡಿ-ಇ ತ್ರಿಭುಜವೂ ಇದೇ ನೆಲದ ಮೇಲೆ ನಿಂತಿದೆ. ತುದಿ ಎರಡಕ್ಕೂ ಒಂದೇ.

ಆ ಹುಡುಗಿ ಸ್ವಲ್ಪ ಹೊತ್ತು ಚಿತ್ರವನ್ನೇ ನೋಡಿದಳು. ಆಮೇಲೆ, "ಹಂಗಾದ್ರೆ ಎರಡಕ್ಕೂ ಎತ್ತರ ಅದೇ ಇ-ಎನ್! ಭಾಗಿಸಿದ್ರೆ ಅದು ಹೊಡೆದು ಹೋಗುತ್ತೆ, ಪಾದ ಮಾತ್ರ ಉಳಿಯುತ್ತೆ" ಅಂದಳು. ಅಷ್ಟೇ. ಅದೇ ಪ್ರಮೇಯದ ಅರ್ಧ. ಇನ್ನರ್ಧ ಆ ಕಡೆ ಬಾಹುವಿಗೆ ಇದೇ ಕೆಲಸ. ತನ್ನ ಚಿತ್ರವನ್ನು ಅವಳೇ ಅಳಿಸಿ, ಲಂಬವನ್ನು ಸರಿಯಾದ ಕಡೆ ಎಳೆದಳು.

ಆಮೇಲೆ ನಾನು ಎಲ್ಲರಿಗೂ ಒಂದು ಪ್ರಶ್ನೆ ಕೇಳುತ್ತೇನೆ. ಯಾವ ಪ್ರಮೇಯಕ್ಕಾದರೂ ಇದನ್ನೇ ಕೇಳುತ್ತೇನೆ. "ಡಿ-ಇ ಸಮಾಂತರ ಅಂತ ದತ್ತದಲ್ಲಿ ಬರೆದಿರಲ್ಲ, ಅದನ್ನು ಎಲ್ಲಿ ಬಳಸಿದಿರಿ?" ಬಾಯಿಪಾಠ ಮಾಡಿದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಉತ್ತರ ಒಂದೇ ಒಂದು ಸಾಲಿನಲ್ಲಿದೆ: ಬಿ-ಡಿ-ಇ ಮತ್ತು ಸಿ-ಡಿ-ಇ ಎರಡೂ ತ್ರಿಭುಜಗಳಿಗೆ ಡಿ-ಇ ಪಾದ, ಎರಡೂ ಅದೇ ಸಮಾಂತರ ಗೆರೆಗಳ ನಡುವೆ ಇವೆ, ಹಾಗಾಗಿ ವಿಸ್ತೀರ್ಣ ಸಮ. ಗೆರೆ ಚೂರು ಓರೆಯಾದರೂ ಈ ಸಾಲು ಬೀಳುತ್ತದೆ, ಅದರ ಜೊತೆ ಪ್ರಮೇಯವೂ ಬೀಳುತ್ತದೆ. ಇದನ್ನು ಹೇಳಬಲ್ಲ ಮಗುವಿಗೆ ಅಕ್ಷರ ಬದಲಾಯಿಸಿ ಪಿ-ಕ್ಯೂ-ಆರ್ ಅಂತ ಕೊಡಿ, ತ್ರಿಭುಜ ತಲೆಕೆಳಗು ಮಾಡಿ ಕೊಡಿ, ಹೆದರುವುದಿಲ್ಲ.

ಇಷ್ಟೆಲ್ಲ ಹೇಳಿದೆ ಅಂತ ನಾನು ಬಾಯಿಪಾಠದ ವಿರೋಧಿ ಅಲ್ಲ. ಈಗೀಗ ಮಗ್ಗಿ ಕಲಿಸುವುದೇ ತಪ್ಪು ಅನ್ನುವ ಹಾಗೆ ಕೆಲವರು ಮಾತಾಡುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಹದಿನೇಳೆಂಟ್ಲ ಎಷ್ಟು ಅಂತ ಪ್ರತಿ ಸಲ ಬೆರಳು ಮಡಚುವ ಮಗುವಿಗೆ ವರ್ಗ ಸಮೀಕರಣದಲ್ಲಿ ಅಪವರ್ತನ ಹುಡುಕುವಷ್ಟು ತಾಳ್ಮೆ ಎಲ್ಲಿಂದ ಬರಬೇಕು? ನಮ್ಮಪ್ಪ ದಿನಸಿ ಅಂಗಡಿಯಲ್ಲಿ ಕೂತವರು. ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ ಎಲ್ಲ ಬಾಯಲ್ಲೇ ಇತ್ತು. ಏಳೂ ಮುಕ್ಕಾಲು ಕೇಜಿ ಬೆಲ್ಲಕ್ಕೆ ಎಷ್ಟು ಅಂತ ತಕ್ಕಡಿ ಇಳಿಸುವಷ್ಟರಲ್ಲಿ ಹೇಳುತ್ತಿದ್ದರು. ಆದರೆ ಅವರಿಗೆ ಮುಕ್ಕಾಲು ಅಂದರೆ ಏನು ಅಂತ ಕೈಗೇ ಗೊತ್ತಿತ್ತು, ದಿನಾ ತೂಗುತ್ತಿದ್ದರು. ಪದ್ಯವೂ ಹಾಗೇ. ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಕಂಠಪಾಠದ ಪದ್ಯ ಪೂರ್ಣ ಮಾಡಿ ಅಂತ ಕೇಳುವುದು ನನಗೆ ತುಂಬಾ ಇಷ್ಟ. ಪದ್ಯ ಬಾಯಿಗೆ ಬಂದ ಮೇಲೆ ಯಾವಾಗಲೋ ಒಂದು ದಿನ ತಾನೇ ಅರ್ಥ ಬಿಡುತ್ತದೆ. ಪ್ರಮೇಯ ಹಾಗೆ ಅರ್ಥ ಬಿಡುವುದಿಲ್ಲ. ಪರೀಕ್ಷೆ ಮುಗಿದ ವಾರಕ್ಕೆ ಅದು ಮರೆತೇ ಹೋಗುತ್ತದೆ.

ಮೇಷ್ಟ್ರುಗಳನ್ನು ಬೈದು ಪ್ರಯೋಜನ ಇಲ್ಲ. ಶಾಲೆಯ ಫಲಿತಾಂಶ ಎಷ್ಟು, ತಾಲ್ಲೂಕಿನದು ಎಷ್ಟು, ಜಿಲ್ಲೆಗೆ ಎಷ್ಟನೇ ಸ್ಥಾನ ಅಂತ ಕೇಳುವವರೇ ಎಲ್ಲರೂ. ಮಗುವನ್ನು ಹೇಗಾದರೂ ಪಾಸ್ ಗೆರೆ ದಾಟಿಸಬೇಕು. ಡಿಸೆಂಬರ್ ಬಂತು ಅಂದರೆ ಪಾಸಿಂಗ್ ಪ್ಯಾಕೇಜ್ ಕೈಗೆ ಬರುತ್ತದೆ: ಈ ಪ್ರಮೇಯ, ಈ ನಕ್ಷೆ, ಇಷ್ಟು ಸಾಕು. ಸೋಲುವ ಅಂಚಿನಲ್ಲಿರುವ ಮಗುವಿಗೆ ಅದರಿಂದ ನಿಜವಾಗಿ ಉಪಕಾರ ಆಗುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕಷ್ಟ ಏನೆಂದರೆ ಜೂನ್‌ನಲ್ಲೇ ಎಲ್ಲರಿಗೂ ಅದೇ ಪಾಠ ಆಗಿಬಿಟ್ಟಿದೆ.

ಇದು ಗೊತ್ತಿಲ್ಲದ ವಿಷಯವೂ ಅಲ್ಲ. 1993ರಲ್ಲಿ ಕೇಂದ್ರ ಸರ್ಕಾರ ನೇಮಿಸಿದ್ದ ಯಶ್‌ಪಾಲ್ ಸಮಿತಿ ಹೊರೆಯಿಲ್ಲದ ಕಲಿಕೆ ಬೇಕು ಅಂತ ವರದಿ ಕೊಟ್ಟಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಂಠಪಾಠದಿಂದ ಕಲಿಕೆಯನ್ನು ಬಿಡಿಸಿ ಅಂತ ನೇರವಾಗಿಯೇ ಹೇಳಿತು. ನಮ್ಮಲ್ಲೇ 1995ರ ಹೊತ್ತಿಗೆ ಎಚ್.ಡಿ. ಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ನಲಿ-ಕಲಿ ಶುರುವಾಯಿತು. ಕಾರ್ಡು ಹಿಡಿದು, ಗುಂಪಿನಲ್ಲಿ ಕೂತು, ತನ್ನ ವೇಗದಲ್ಲಿ ಕಲಿಯುವ ಪದ್ಧತಿ ಅದು. ಆಮೇಲೆ ರಾಜ್ಯದ ಉಳಿದ ಕಡೆಗೂ ಬಂತು. ಆದರೆ ಒಂದು, ಎರಡನೇ ಕ್ಲಾಸಿನಲ್ಲಿ ಹಾಗೆ ಕಲಿತ ಮಗುವೇ ಹತ್ತಕ್ಕೆ ಬರುವಾಗ ಕೈಯಲ್ಲಿ ಗೈಡ್ ಹಿಡಿದಿರುತ್ತದೆ. ಕೊನೆಯ ಪರೀಕ್ಷೆ ಏನನ್ನು ಕೇಳುತ್ತದೋ ಅದೇ ಹಿಂದಕ್ಕೆ ಹರಿದು ಎಲ್ಲ ತರಗತಿಗಳನ್ನೂ ತುಂಬುತ್ತದೆ.

2021ರಲ್ಲಿ ಕೊರೊನಾ ಕಾರಣಕ್ಕೆ ಎಸ್ಸೆಸ್ಸೆಲ್ಸಿ ಎರಡೇ ದಿನ ನಡೆಯಿತು. ಪೂರ್ತಿ ಬಹುಆಯ್ಕೆ ಪ್ರಶ್ನೆ, ಓಎಂಆರ್ ಶೀಟು. ಇನ್ನು ಬಾಯಿಪಾಠ ಹೋಯಿತು ಅಂತ ಕೆಲವರು ಖುಷಿಪಟ್ಟರು. ನನಗೆ ಖುಷಿ ಆಗಲಿಲ್ಲ. ಸುಮ್ನೆ ಗುಂಡು ಹೊಡೆದರೂ ನಾಲ್ಕರಲ್ಲಿ ಒಂದು ಸರಿ ಆಗಬಹುದು. ಯಾಕೆ ಅಂತ ಹೇಳುವ ಜಾಗವೇ ಅಲ್ಲಿ ಇರಲಿಲ್ಲ.

ಪ್ರಶ್ನೆಪತ್ರಿಕೆ ತಯಾರಿಸುವವರಿಗೆ ನನ್ನದೊಂದು ಬೇಡಿಕೆ. ಪ್ರಮೇಯ ತೆಗೆಯಬೇಡಿ. ಚಿತ್ರ, ಸಾಧನೆ ಎರಡನ್ನೂ ಅಚ್ಚು ಮಾಡಿ ಕೊಟ್ಟುಬಿಡಿ, ಪಕ್ಕದ ಕಾರಣಗಳನ್ನು ಮಾತ್ರ ಮಕ್ಕಳು ಬರೆಯಲಿ. ಇಲ್ಲವೇ ಮಧ್ಯದ ಒಂದು ಸಾಲು ತಪ್ಪಾಗಿ ಬರೆದು, ಎಲ್ಲಿ ಎಡವಿದೆ ಅಂತ ಕೇಳಿ. ಒಂದು ವರ್ಷ ಹೀಗೆ ಕೇಳಿದರೆ ಸಾಕು, ಮುಂದಿನ ವರ್ಷ ಗೈಡಿನವರೂ ಕಾರಣಗಳನ್ನೇ ಅಚ್ಚು ಹಾಕುತ್ತಾರೆ. ಮಕ್ಕಳು ಅದನ್ನೂ ಉರು ಹೊಡೆಯಬಹುದು, ಆದರೂ ಕಾರಣಗಳನ್ನು ಓದಿದ ಹಾಗಂತೂ ಆಗುತ್ತದೆ.

ಮುಂದಿನ ವಾರ ತ್ರಿಕೋನಮಿತಿ. ಸೈನ್ 30 ಅರ್ಧ, ಸೈನ್ 60 ರೂಟ್ ಮೂರು ಬೈ ಎರಡು ಅಂತ ಕೋಷ್ಟಕ ಆಗಲೇ ಎಲ್ಲರ ಬಾಯಲ್ಲಿದೆ. ನಾನು ಸಮಬಾಹು ತ್ರಿಭುಜಗಳನ್ನು ರಟ್ಟಿನಲ್ಲಿ ಕತ್ತರಿಸಿ ಇಟ್ಟಿದ್ದೇನೆ. ಒಬ್ಬೊಬ್ಬರ ಕೈಗೂ ಒಂದೊಂದು ಕೊಟ್ಟು, ನಡುವೆ ಸರಿಯಾಗಿ ಮಡಚಿ, 30 ಡಿಗ್ರಿ ಎಲ್ಲಿದೆ ತೋರಿಸಿ ಅನ್ನಬೇಕು.